ಲಂಡನ್ನಿನ ಸೆಪ್ಟೆಂಬರ್ ಮತ್ತು ಎರಡು ಥರ್ಮಾಮೀಟರುಗಳ ವ್ಯಾಜ್ಯ

ಲಂಡನ್ನಿನಲ್ಲಿ ಶರತ್ಕಾಲ ಯಾವತ್ತು ಶುರುವಾಗುತ್ತದೆ ಎಂಬುದಕ್ಕೇ ಎರಡು ಉತ್ತರಗಳಿವೆ. ಹವಾಮಾನದ ಲೆಕ್ಕ ಇಡುವವರಿಗೆ ಅದು ಸೆಪ್ಟೆಂಬರ್ 1. ಪಂಚಾಂಗ ನೋಡುವವರಿಗೆ ಹಗಲು ರಾತ್ರಿ ಸಮವಾಗುವ ಸೆಪ್ಟೆಂಬರ್ 22 ಅಥವಾ 23. ನಡುವಿನ ಮೂರು ವಾರ ಯಾರ ವಶಕ್ಕೂ ಸೇರದ ಕಾಲ. ನಮ್ಮಲ್ಲಿ ಅವೇ ದಿನಗಳು ಹುಬ್ಬೆ, ಉತ್ತರೆ ಮಳೆಗಳ ಪಾಲು. ಆಗ ಆಕಾಶ ನೋಡುತ್ತೇವೆಯೇ ಹೊರತು ಥರ್ಮಾಮೀಟರನ್ನಲ್ಲ. ಲಂಡನ್ನಿನ ಹವ್ಯಾಸಿಗಳಿಗೆ ಮಾತ್ರ ಬೇಸಿಗೆ ಹೋಯಿತೋ ಇನ್ನೂ ಇದೆಯೋ ಎಂದು ವಾದ ಹೂಡಲು ಇದಕ್ಕಿಂತ ಒಳ್ಳೆಯ ಹಂಗಾಮು ಇಲ್ಲ. ಅವರ ಉತ್ಸಾಹಕ್ಕೆ ಕಾರಣವೂ ಉಂಟು. 1906ರ ಸೆಪ್ಟೆಂಬರ್ 2ರಂದು ಯಾರ್ಕ್‌ಷೈರಿನ ಬಾಟ್ರಿಯಲ್ಲಿ 35.6 ಡಿಗ್ರಿ ಸೆಲ್ಸಿಯಸ್ ದಾಖಲಾಗಿ, ಆ ತಿಂಗಳ ಮಟ್ಟಿಗೆ ಇಡೀ ಬ್ರಿಟನ್ನಿನ ದಾಖಲೆಯಾಗಿ ನಿಂತಿದೆ. 2011ರ ಅಕ್ಟೋಬರ್ 1ರಂದು ಥೇಮ್ಸ್ ನದಿಯ ಅಳಿವೆ ಸಮೀಪದ ಗ್ರೇವ್ಸೆಂಡ್‌ನಲ್ಲಿ 29.9 ಮುಟ್ಟಿತು. 2023ರ ಸೆಪ್ಟೆಂಬರಿನಲ್ಲಿ ದೇಶದ ಒಂದಲ್ಲ ಒಂದು ಕಡೆ ಸತತ ಏಳು ದಿನ 30 ಡಿಗ್ರಿ ದಾಟಿತ್ತು. ಇಷ್ಟು ಚಂಚಲವಾದ ಕಾಲದ ಬಗ್ಗೆ ಇಷ್ಟೊಂದು ಮಾತು ನಡೆಯುವುದರಲ್ಲಿ ಅಚ್ಚರಿಯಿಲ್ಲ. ಅಚ್ಚರಿಯ ಸಂಗತಿ ಬೇರೆ: ನಗರಕ್ಕೆ ತನ್ನದೇ ಆದ ಹವೆ ಇದೆ ಎಂಬ ತಿಳಿವಳಿಕೆ ಹುಟ್ಟಿದ್ದೇ ಇಂಥ ಮಾತಿನಿಂದ. ನನ್ನ ಥರ್ಮಾಮೀಟರ್ ಸರಿಯೋ ನಿನ್ನದು ಸರಿಯೋ ಎಂಬ ಹವ್ಯಾಸಿಗಳ ವ್ಯಾಜ್ಯವನ್ನು ಕಾಲಹರಣವೆಂದು ತಳ್ಳಿಹಾಕುವವರು ಲಂಡನ್ನಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು.

ಆ ಚರಿತ್ರೆಯಲ್ಲಿ ಮೊದಲು ಸಿಗುವವನು ಲ್ಯೂಕ್ ಹೋವರ್ಡ್. ಕಸುಬಿನಿಂದ ಔಷಧಿ ಮತ್ತು ರಾಸಾಯನಿಕಗಳ ತಯಾರಕ, ಧರ್ಮದಿಂದ ಕ್ವೇಕರ್. ಹವಾಮಾನ ಅವನಿಗೆ ಸಂಬಳ ಕೊಟ್ಟದ್ದಲ್ಲ. 1802ರಲ್ಲಿ ಮೋಡಗಳನ್ನು ಸಿರಸ್, ಕ್ಯುಮ್ಯುಲಸ್, ಸ್ಟ್ರೇಟಸ್ ಎಂದು ವಿಂಗಡಿಸಿದ ಪ್ರಬಂಧದಿಂದ ಅವನ ಹೆಸರು ಉಳಿದಿದೆ. ಅವು ಇಂದಿಗೂ ಶಾಲೆಯ ಪಾಠದಲ್ಲಿವೆ. ಆದರೆ ಅವನ ದೊಡ್ಡ ಕೆಲಸ 1818 ಮತ್ತು 1820ರಲ್ಲಿ ಎರಡು ಸಂಪುಟಗಳಾಗಿ ಬಂದು, 1833ರಲ್ಲಿ ಮೂರು ಸಂಪುಟಗಳಿಗೆ ಬೆಳೆದ ಲಂಡನ್ ಹವೆಯ ಪುಸ್ತಕ. ಊರಾಚೆಯ ಪ್ಲೇಸ್ಟೋ, ಟಾಟನ್‌ಹ್ಯಾಮ್ ಮುಂತಾದ ಕಡೆ ತಾನು ದಿನವೂ ಬರೆದಿಟ್ಟ ಅಂಕಿಗಳನ್ನು, ಊರ ನಡುವೆ ಸಾಮರ್ಸೆಟ್ ಹೌಸಿನಲ್ಲಿ ರಾಯಲ್ ಸೊಸೈಟಿ ಬರೆಸುತ್ತಿದ್ದ ಅಂಕಿಗಳ ಪಕ್ಕಕ್ಕೆ ಇಟ್ಟು ನೋಡಿದ. ರಾತ್ರಿಯಲ್ಲಿ ನಗರ ಹಳ್ಳಿಗಿಂತ ಸರಾಸರಿ 3.70 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬೆಚ್ಚಗಿತ್ತು, ಅಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್. ಹಗಲಿನಲ್ಲಿ ತುಸು, 0.34ರಷ್ಟು, ತಂಪೇ ಆಗಿತ್ತು. ಒಲೆಗಳ ಉರಿ, ಒತ್ತೊತ್ತಾಗಿ ಬದುಕುವ ಜನ, ಎದುರುಬದುರು ನಿಂತು ಬಿಸಿಲನ್ನು ಹಿಡಿದಿಡುವ ಗೋಡೆಗಳು, ಆವಿಯಾಗಲು ತೇವವೇ ಇಲ್ಲದ ನೆಲ ಎಂದು ಕಾರಣಗಳನ್ನೂ ಬರೆದ. ಇಂದಿನ ನಗರ ಹವಾಮಾನದ ಪಠ್ಯಗಳು ಈ ಪಟ್ಟಿಗೆ ವಿವರ ಸೇರಿಸಿವೆ, ಅದನ್ನು ಅಳಿಸಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೋವರ್ಡ್ ಹೋಲಿಸಿದ್ದು ರಾಯಲ್ ಸೊಸೈಟಿಯ ಅಂಕಿಗಳ ಜೊತೆಗಲ್ಲವೇ? ಸಂಸ್ಥೆಯ ಆಸರೆಯಿಲ್ಲದೆ ಹವ್ಯಾಸಿಯ ಕೆಲಸ ನಡೆಯುತ್ತಿತ್ತೇ? ನಡೆಯುತ್ತಿರಲಿಲ್ಲ, ಒಪ್ಪಬೇಕು. ಆದರೆ ಸೊಸೈಟಿಯ ಕೈಯಲ್ಲಿ ಆ ಅಂಕಿಗಳು ವರ್ಷಗಟ್ಟಲೆ ಇದ್ದವು. ನಗರದ ಬಿಸಿ ಅದರ ಕಣ್ಣಿಗೆ ಬೀಳಲಿಲ್ಲ. ಬೀಳುವುದು ಸಾಧ್ಯವೂ ಇರಲಿಲ್ಲ. ಒಂದೇ ಕಡೆ ಇಟ್ಟ ಥರ್ಮಾಮೀಟರ್, ಅದೆಷ್ಟೇ ಉತ್ತಮವಾಗಿರಲಿ, ಆ ಜಾಗದ ಕಥೆಯನ್ನಷ್ಟೇ ಹೇಳುತ್ತದೆ. ನಗರದ ಹವೆ ಎಂಬುದು ಎರಡು ಜಾಗಗಳ ನಡುವಿನ ವ್ಯತ್ಯಾಸ. ಗ್ರಿನಿಚ್ಚಿನಂಥ ವೀಕ್ಷಣಾಲಯ ತನ್ನ ಜಾಗ ಬಿಟ್ಟು ಕದಲುವುದಿಲ್ಲ, ಕದಲದಿರುವುದೇ ಅದರ ಹೆಗ್ಗಳಿಕೆ. ವ್ಯತ್ಯಾಸ ಕಾಣಲು ಎರಡನೆಯ ವ್ಯಕ್ತಿ ಬೇಕು, ಅವನು ತನ್ನ ಹಿತ್ತಲಿನ ಅಂಕಿಯನ್ನು ನಂಬುವಷ್ಟು ಹಟಮಾರಿಯೂ ಆಗಿರಬೇಕು.

ಇನ್ನು, ಸಂಸ್ಥೆಯ ಅಂಕಿ ಎಂದ ಮಾತ್ರಕ್ಕೆ ಅದು ಗಾಳಿಯ ಉಷ್ಣತೆ ಎಂದುಕೊಳ್ಳುವಂತಿಲ್ಲ. 1723ರಲ್ಲಿ ರಾಯಲ್ ಸೊಸೈಟಿಯ ಕಾರ್ಯದರ್ಶಿ ಜೇಮ್ಸ್ ಜೂರಿನ್ ದೇಶವಿದೇಶಗಳ ವೀಕ್ಷಕರಿಗೆ ಕೊಟ್ಟ ಸೂಚನೆಯಲ್ಲಿ, ಥರ್ಮಾಮೀಟರನ್ನು ಬೆಂಕಿ ಹಾಕದ, ಉತ್ತರಕ್ಕೆ ಮುಖ ಮಾಡಿದ ಕೋಣೆಯಲ್ಲಿ ಇಡಬೇಕೆಂದಿತ್ತು. ಹೊರಗೆ ಹಿಮ ಬಿದ್ದಾಗಲೂ ಮನೆಯೊಳಗಿನ ಗಾಳಿಯನ್ನು ಅಳೆಯುವ ಏರ್ಪಾಟು ಇದು. ಹತ್ತೊಂಬತ್ತನೆಯ ಶತಮಾನದಲ್ಲಿ ಉಪಕರಣವನ್ನು ಹೊರಗೆ ತಂದಮೇಲೆ ಜಗಳ ಇನ್ನೂ ಜೋರಾಯಿತು. ಗ್ರಿನಿಚ್ಚಿನ ಜೇಮ್ಸ್ ಗ್ಲೇಷರ್ ರೂಪಿಸಿದ ತೆರೆದ ನಿಲುವುಗಂಬವನ್ನು ಸೂರ್ಯ ಸರಿದಂತೆ ತಿರುಗಿಸುತ್ತಿರಬೇಕಿತ್ತು. ಮರೆತರೆ ಬಿಸಿಲು ನೇರ ಬೀಳುತ್ತಿತ್ತು, ಮರೆಯದಿದ್ದರೂ ಕಾದ ನೆಲದ ಝಳ ತಟ್ಟುತ್ತಿತ್ತು. ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್, ಅಂದರೆ ಕಾದಂಬರಿಕಾರ ಸ್ಟೀವನ್‌ಸನ್ನನ ತಂದೆ, 1864ರಲ್ಲಿ ಪ್ರಕಟಿಸಿದ ಜಾಲರಿ ಹಲಗೆಗಳ ಬಿಳಿ ಪೆಟ್ಟಿಗೆ ಇದಕ್ಕೆ ಪ್ರತಿಸ್ಪರ್ಧಿಯಾಯಿತು. ಯಾವುದು ಮೇಲು? ಇದನ್ನು ಪರೀಕ್ಷಿಸಲು 1868ರಿಂದ ಬಗೆಬಗೆಯ ನಿಲುವುಗಳನ್ನು ಒಂದೇ ಹುಲ್ಲುನೆಲದಲ್ಲಿ ನಿಲ್ಲಿಸಿ, ಬಿಡದೆ ಓದಿ ಬರೆದವನು ಹ್ಯಾಂಪ್‌ಷೈರಿನ ಸ್ಟ್ರಾತ್‌ಫೀಲ್ಡ್ ಟರ್ಗಿಸ್ ಎಂಬ ಹಳ್ಳಿಯ ಪಾದ್ರಿ ಚಾರ್ಲ್ಸ್ ಗ್ರಿಫಿತ್. ಅದೇ 1868ರ ಜುಲೈ 22ರಂದು ಕೆಂಟ್ ಪ್ರಾಂತದ ಟನ್‌ಬ್ರಿಜ್‌ನಲ್ಲಿ ಗ್ಲೇಷರ್ ನಿಲುವಿನ ಮೇಲೆ 100.5 ಡಿಗ್ರಿ ಫ್ಯಾರನ್‌ಹೀಟ್ ಓದಲಾಗಿತ್ತು. ಬಹುಕಾಲ ಅದು ದೇಶದ ಅತಿ ಹೆಚ್ಚಿನ ತಾಪಮಾನವೆಂದು ಪಟ್ಟಿಗಳಲ್ಲಿ ಮೆರೆದು, ನಿಲುವಿನ ದೋಷದಿಂದಾಗಿ ಕೊನೆಗೆ ಕೆಳಗಿಳಿಯಿತು.

ಹವ್ಯಾಸಿಗಳಿಗೆ ದಾಖಲೆಗಳ ಹುಚ್ಚು, ಅತಿರೇಕದ ಅಂಕಿಯನ್ನೇ ಆರಿಸಿ ಹಿಡಿಯುತ್ತಾರೆ ಎಂಬ ದೂರಿಗೆ ಉತ್ತರವೂ ಇಲ್ಲೇ ಇದೆ. ಹುಚ್ಚು ಇರುವುದು ನಿಜ. ಆದರೆ ದಾಖಲೆಯ ಆಸೆ ಇರುವಲ್ಲೇ ಎದುರಾಳಿಯ ದಾಖಲೆಯ ಮೇಲೆ ಅನುಮಾನವೂ ಇರುತ್ತದೆ. ಆ ಅನುಮಾನ ಕ್ರಮೇಣ ನಿಯಮವಾಗುತ್ತದೆ. ಜಾರ್ಜ್ ಜೇಮ್ಸ್ ಸೈಮನ್ಸ್ ಕಟ್ಟಿದ ಮಳೆ ಲೆಕ್ಕದ ಜಾಲ ಇದಕ್ಕೆ ದೊಡ್ಡ ಸಾಕ್ಷಿ. 1850ರ ದಶಕದ ಬರಗಳಿಂದ ಚಿಂತೆಗೊಂಡ ಈ ಲಂಡನ್ ಯುವಕ 1860ರ ತನ್ನ ಮೊದಲ ವರದಿಯಲ್ಲಿ 168 ಕಡೆಯ ಅಂಕಿಗಳನ್ನು ಕೂಡಿಸಿದ್ದ. 1900ರಲ್ಲಿ ಅವನು ತೀರಿಕೊಂಡಾಗ ಆ ಸಂಖ್ಯೆ ಮೂರು ಸಾವಿರ ದಾಟಿತ್ತು. ಪಾದ್ರಿಗಳು, ವೈದ್ಯರು, ಜಮೀನ್ದಾರರು, ತೋಟಗಾರರು ತಮ್ಮ ಹಣದಲ್ಲೇ ಮಳೆಮಾಪಕ ಕೊಂಡು, ಬೆಳಗ್ಗೆ 9 ಗಂಟೆಗೆ ಓದಿ, ಅವನ ಕ್ಯಾಮ್‌ಡೆನ್ ಸ್ಕ್ವೇರ್ ಮನೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಮಾಪಕದ ಬಾಯಿ ನೆಲದಿಂದ ಎಷ್ಟು ಎತ್ತರ, ಮರದಿಂದ ಎಷ್ಟು ದೂರ, ಎಷ್ಟು ಗಂಟೆಗೆ ಓದಬೇಕು ಎಂಬುದೆಲ್ಲ ಅವನ ಪತ್ರಿಕೆಯ ಪುಟಗಳಲ್ಲಿ ವಾದವಾಗಿ, ತೀರ್ಮಾನವಾಗಿ ಹೊರಬಂತು. ಸರ್ಕಾರ ಇದನ್ನು ಆಜ್ಞೆ ಮಾಡಿ ಮಾಡಿಸಿದ್ದಲ್ಲ.

ನಮ್ಮ ಕಡೆಯ ದಾರಿ ಬೇರೆ. ಭಾರತದಲ್ಲಿ 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿತು. ಮೈಸೂರು ಸಂಸ್ಥಾನದಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ನೇತೃತ್ವದಲ್ಲಿ ಬೆಂಗಳೂರಿನ ವೀಕ್ಷಣಾಲಯ ನಡೆಯಿತು. ಮಳೆಮಾಪಕ ಇಲ್ಲಿ ಹೆಚ್ಚಾಗಿ ಕಚೇರಿ ಆವರಣದ ವಸ್ತು, ಕಂದಾಯದ ಚಿಂತೆಗೆ ಅಂಟಿಕೊಂಡದ್ದು. ಸೈಮನ್ಸ್‌ನ ವೀಕ್ಷಕರಿಗೆ ನಮ್ಮಲ್ಲಿ ಹತ್ತಿರದ ನೆಂಟರೆಂದರೆ ಕೊಡಗು ಚಿಕ್ಕಮಗಳೂರಿನ ಕಾಫಿ ಬೆಳೆಗಾರರು. ಹೂ ಮಳೆ ಎಷ್ಟು ಸೆಂಟ್ ಬಿತ್ತೆಂದು ತಲೆಮಾರುಗಳಿಂದ ಎಸ್ಟೇಟಿನ ಪುಸ್ತಕದಲ್ಲಿ ಬರೆದು, ಪಕ್ಕದ ತೋಟದ ಲೆಕ್ಕದೊಡನೆ ತಾಳೆ ನೋಡುವವರು ಅವರು.

ಮುನ್ಸೂಚನೆಯ ಕಥೆ ಮೇಲ್ನೋಟಕ್ಕೆ ನನ್ನ ವಾದಕ್ಕೆ ವಿರುದ್ಧವಾಗಿದೆ, ಏಕೆಂದರೆ ಅದು ಶುರುವಾದದ್ದು ಸರ್ಕಾರಿ ಕಚೇರಿಯಲ್ಲಿ. ಡಾರ್ವಿನ್ ಪಯಣಿಸಿದ ಬೀಗಲ್ ಹಡಗಿನ ಕಪ್ತಾನನಾಗಿದ್ದ ರಾಬರ್ಟ್ ಫಿಟ್ಸ್‌ರಾಯ್ 1854ರಲ್ಲಿ ವ್ಯಾಪಾರ ಮಂಡಳಿಯ ಹವಾಮಾನ ವಿಭಾಗದ ಮುಖ್ಯಸ್ಥನಾದ. 1859ರ ಅಕ್ಟೋಬರಿನ ಶರತ್ಕಾಲದ ಬಿರುಗಾಳಿಗೆ ಸಿಕ್ಕಿ ರಾಯಲ್ ಚಾರ್ಟರ್ ಹಡಗು ಆಂಗ್ಲ್‌ಸೀ ಕರಾವಳಿಯಲ್ಲಿ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ತಂತಿ ಮೂಲಕ ಬಂದರುಗಳಿಗೆ ಎಚ್ಚರಿಕೆ ಕೊಡುವ ಏರ್ಪಾಟು ಮಾಡಿದ. 1861ರ ಆಗಸ್ಟ್ 1ರಂದು ದಿ ಟೈಮ್ಸ್ ಪತ್ರಿಕೆಯಲ್ಲಿ ಅವನ ಮೊದಲ ಸಾರ್ವಜನಿಕ ಮುನ್ಸೂಚನೆ ಅಚ್ಚಾಯಿತು. ಅದನ್ನು ಕೊಂದವರು ಯಾರು? ಜನರಲ್ಲ. ಜನ ತಪ್ಪಿದ ದಿನ ನಕ್ಕರು, ಮರುದಿನ ಮತ್ತೆ ಓದಿದರು. 1865ರಲ್ಲಿ ಫಿಟ್ಸ್‌ರಾಯ್ ಆತ್ಮಹತ್ಯೆ ಮಾಡಿಕೊಂಡ ಮೇಲೆ, ಫ್ರಾನ್ಸಿಸ್ ಗಾಲ್ಟನ್ನನ ಅಧ್ಯಕ್ಷತೆಯ ತಜ್ಞರ ಸಮಿತಿ ಇದಕ್ಕೆ ವೈಜ್ಞಾನಿಕ ಆಧಾರ ಸಾಲದೆಂದಿತು. 1866ರಲ್ಲಿ ಮುನ್ಸೂಚನೆಯೂ ಎಚ್ಚರಿಕೆಯೂ ನಿಂತವು. ಬಂದರುಗಳ ಒತ್ತಾಯಕ್ಕೆ ಮಣಿದು ಬಿರುಗಾಳಿಯ ಎಚ್ಚರಿಕೆ 1867ರಲ್ಲಿ ಮರಳಿತು, ದೈನಂದಿನ ಮುನ್ಸೂಚನೆಗೆ 1879ರವರೆಗೆ ಕಾಯಬೇಕಾಯಿತು. ಸಮಿತಿಯ ಆಕ್ಷೇಪ ವಿಜ್ಞಾನದ ದೃಷ್ಟಿಯಿಂದ ಸರಿಯಾಗಿಯೇ ಇತ್ತು ಎನ್ನಬಹುದು. ಆದರೆ ತಪ್ಪಬಹುದಾದ ಮಾತನ್ನು ಬಹಿರಂಗವಾಗಿ ಹೇಳಿ, ನಾಳೆ ಅದನ್ನು ನಿಜದೊಡನೆ ಹೋಲಿಸಿ ನೋಡುವ ಅಭ್ಯಾಸವಿಲ್ಲದೆ ಮುನ್ಸೂಚನೆ ಸುಧಾರಿಸುವುದಾದರೂ ಹೇಗೆ? ಆ ಹೋಲಿಕೆಯನ್ನು ಬಿಡದೆ ಮಾಡುತ್ತ ಬಂದವರಲ್ಲಿ ಹವ್ಯಾಸಿಗಳು ಮುಂದಿದ್ದಾರೆ. 1987ರ ಅಕ್ಟೋಬರ್ 15ರ ರಾತ್ರಿ ಆಗ್ನೇಯ ಇಂಗ್ಲೆಂಡಿನ ಸುಮಾರು ಒಂದೂವರೆ ಕೋಟಿ ಮರಗಳನ್ನು ಉರುಳಿಸಿದ ಬಿರುಗಾಳಿಯನ್ನು ಮುಂಚಿತವಾಗಿ ಸರಿಯಾಗಿ ಅಂದಾಜು ಮಾಡದ ಅಧಿಕಾರಿಗಳು ಇಂದಿಗೂ ಲೇವಡಿಗೆ ಗುರಿಯಾಗುತ್ತಾರೆ. ಲೇವಡಿ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ನೆನಪು ಮಾತ್ರ ವ್ಯರ್ಥವಾಗಿಲ್ಲ.

ಶರತ್ಕಾಲದ ಆರಂಭದಲ್ಲಿ ನಗರದ ಮುನ್ಸೂಚನೆ ಏಕೆ ಕಷ್ಟ ಎಂಬುದಕ್ಕೆ ಹೋವರ್ಡ್ ಕಂಡ ರಾತ್ರಿಯ ವ್ಯತ್ಯಾಸಕ್ಕೇ ಮರಳಬೇಕು. ಸೆಪ್ಟೆಂಬರಿನಲ್ಲಿ ಗಾಳಿಯ ಒತ್ತಡ ಹೆಚ್ಚಿ ಆಕಾಶ ತಿಳಿಯಾಗಿ ಗಾಳಿ ನಿಂತರೆ, ಉದ್ದವಾಗುತ್ತಿರುವ ರಾತ್ರಿಯಲ್ಲಿ ಬಯಲಿನ ನೆಲ ಬೇಗ ಬಿಸಿ ಬಿಟ್ಟುಕೊಡುತ್ತದೆ. ಹಗಲೆಲ್ಲ ಕಾದ ನಗರದ ಇಟ್ಟಿಗೆ ನಿಧಾನವಾಗಿ ಬಿಡುತ್ತದೆ. ಲಂಡನ್ನಿನ ವಾಯವ್ಯಕ್ಕಿರುವ ರಿಕ್‌ಮನ್ಸ್‌ವರ್ತ್ ಕಣಿವೆಯಲ್ಲಿ ರೈಲ್ವೆ ಏರಿಯೊಂದು ತಣ್ಣನೆಯ ಗಾಳಿ ಹರಿದುಹೋಗದಂತೆ ತಡೆಯುತ್ತದೆ. ಅಲ್ಲಿ 1936ರ ಆಗಸ್ಟ್ 29ರ ನಸುಕಿನಲ್ಲಿ 1.1 ಡಿಗ್ರಿ ಸೆಲ್ಸಿಯಸ್ ಇದ್ದದ್ದು ಅದೇ ಮಧ್ಯಾಹ್ನ 29 ದಾಟಿತು. ಲಂಡನ್ನಿಗೆ ನಾಳೆ ಇಷ್ಟು ಡಿಗ್ರಿ ಎನ್ನುವಾಗ ಯಾವ ಲಂಡನ್ ಎಂದು ಕೇಳುವವನು ತರಲೆಯಲ್ಲ. ಯೂನಿವರ್ಸಿಟಿ ಕಾಲೇಜಿನ ಟಿ. ಜೆ. ಚಾಂಡ್ಲರ್ ಈ ಪ್ರಶ್ನೆಯನ್ನೇ ನಕ್ಷೆಯಾಗಿಸಿದ. ಕಾರಿಗೆ ಥರ್ಮಾಮೀಟರ್ ಕಟ್ಟಿಕೊಂಡು ರಾತ್ರಿ ಊರು ಸುತ್ತಿ, ಶಾಲೆಗಳ ವೀಕ್ಷಣೆಗಳನ್ನೂ ಸೇರಿಸಿಕೊಂಡು 1965ರಲ್ಲಿ ಪುಸ್ತಕ ತಂದ. 1959ರ ಮೇ 14ರ ರಾತ್ರಿ ಊರ ನಡುವಿಗೂ ಅಂಚಿಗೂ 6 ಡಿಗ್ರಿಗಿಂತ ಹೆಚ್ಚಿನ ಅಂತರವಿದ್ದದ್ದನ್ನು ಅವನ ನಕ್ಷೆ ತೋರಿಸಿತು. ಪುಸ್ತಕಕ್ಕೆ ಹೋವರ್ಡ್‌ನ ಶೀರ್ಷಿಕೆಯನ್ನೇ ಇಟ್ಟ.

ಗಂಭೀರವಾಗಿ ಪರಿಗಣಿಸಬೇಕಾದ ಆಕ್ಷೇಪ ಇನ್ನೊಂದಿದೆ. ಈ ಹವ್ಯಾಸ ಹಿತ್ತಲು ಇದ್ದವರದು. ವಿಕ್ಟೋರಿಯಾ ಕಾಲದ ಮಳೆ ನಕ್ಷೆಯಲ್ಲಿ ಪಾದ್ರಿಯ ತೋಟ ಇದೆ, ಈಸ್ಟ್ ಎಂಡಿನ ಒಂಟಿ ಕೋಣೆಯ ಸಂಸಾರ ಇಲ್ಲ. ನಗರದ ಬಿಸಿ ಯಾರನ್ನು ಹೆಚ್ಚು ಕಾಡಿತೋ ಅವರ ಕೈಯಲ್ಲಿ ಅದನ್ನು ಅಳೆಯುವ ಸಾಧನ ಇರಲಿಲ್ಲ. ಇದು ನಿಜವಾದ ಕೊರತೆ, ಹವ್ಯಾಸಿಗಳ ಶ್ರದ್ಧೆಯನ್ನು ಹೊಗಳಿ ಮುಚ್ಚಿಹಾಕುವಂಥದ್ದಲ್ಲ. ಆದರೆ ಅಧಿಕೃತ ಮಾಪನ ಈ ಕೊರತೆಯನ್ನು ತುಂಬಿತು ಎನ್ನಲೂ ಆಗದು. ನಿಯಮದ ಪ್ರಕಾರ ಥರ್ಮಾಮೀಟರ್ ಕತ್ತರಿಸಿದ ಹುಲ್ಲಿನ ಮೇಲೆ 1.25 ಮೀಟರ್ ಎತ್ತರದಲ್ಲಿ, ಕಟ್ಟಡಗಳಿಂದ ದೂರ ಇರಬೇಕು. ಹಾಗಾಗಿ ಮಧ್ಯ ಲಂಡನ್ನಿನ ಅಧಿಕೃತ ಉಷ್ಣತೆಯನ್ನು ಅಳೆಯುವುದು ಕೆರೆಯಿರುವ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ, ಅಂದರೆ ಜನ ವಾಸಿಸದ ಜಾಗದಲ್ಲಿ. ಇತರ ಊರುಗಳೊಡನೆ ಹೋಲಿಸಲು ಈ ನಿಯಮ ಬೇಕೇ ಬೇಕು. ಅದೇ ನಿಯಮ ನಗರವನ್ನು ಲೆಕ್ಕದಿಂದ ಹೊರಗಿಡುತ್ತದೆ. ಬಾಲ್ಕನಿಗೆ ಅಗ್ಗದ ಯಂತ್ರ ತಗುಲಿಸಿದವನ ಅಂಕಿ ದೋಷಪೂರಿತ, ಮಧ್ಯಾಹ್ನದ ಬಿಸಿಲು ಗೋಡೆಗೆ ಬಡಿದಾಗಂತೂ ನಂಬಲೇಬಾರದು. ಆದರೂ ರಾತ್ರಿ ಎರಡು ಗಂಟೆಗೆ ಆ ಗೋಡೆ ಉಗುಳುವ ಬಿಸಿಯಲ್ಲಿ ಮಲಗಿರುವವನು ಅವನೇ. 1970ರಲ್ಲಿ ಹವ್ಯಾಸಿಗಳು ಕಟ್ಟಿಕೊಂಡ ಕ್ಲೈಮಟಲಾಜಿಕಲ್ ಅಬ್ಸರ್ವರ್ಸ್ ಲಿಂಕ್ ಎಂಬ ಬಳಗ ಇದಕ್ಕೊಂದು ದಾರಿ ಹುಡುಕಿದೆ: ಸದಸ್ಯರ ಕೇಂದ್ರಗಳು ಎಷ್ಟು ತೆರವಾದ ಜಾಗದಲ್ಲಿವೆ ಎಂದು ನೋಡಿ ದರ್ಜೆ ಕೊಡುತ್ತದೆ, ಕಡಿಮೆ ದರ್ಜೆಯ ಅಂಕಿಯನ್ನು ಎಸೆಯದೆ ದರ್ಜೆಯ ಸಮೇತ ಅಚ್ಚು ಹಾಕುತ್ತದೆ.