ಅರಬ್ಬಿಯ ಹೆಸರಿನಲ್ಲಿ ಮರೆಯಾದ ಬಾರ್ಬ್ ಕುದುರೆ

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರ್ ಅಲಿ ಎಂಬ ರಾವುತನ ಶೌರ್ಯವು ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನ ಗಮನ ಸೆಳೆಯಿತು. ಆತನ ಏಳಿಗೆ ಆರಂಭವಾದದ್ದು ಕುದುರೆಯ ಬೆನ್ನ ಮೇಲೆ. ಆದರೆ ಆ ಕೋಟೆಯನ್ನು ಮಕ್ಕಳಿಗೆ ತೋರಿಸುವಾಗ ನಾವು ಖಡ್ಗದ ಕಥೆಯನ್ನೇ ಹೇಳುತ್ತೇವೆ. ಕುದುರೆಯ ಮಾತು ಬಂದರೂ 'ಅರಬ್ಬಿ ಕುದುರೆ' ಎಂದಷ್ಟೇ ನುಡಿದು ಮುಂದೆ ಸಾಗುತ್ತೇವೆ. ಮುಸ್ಲಿಮರ ಇತಿಹಾಸವನ್ನು ಹೊತ್ತು ನಡೆದ ಇನ್ನೊಂದು ತಳಿಯಿದೆ. ಅದು ಆಫ್ರಿಕದ ಬಾರ್ಬ್.

ಮೊರೊಕ್ಕೊ, ಅಲ್ಜೀರಿಯ, ಟುನೀಶಿಯಗಳ ಬರ್ಬರ ಜನಾಂಗದವರು ಸಾಕಿ ಬೆಳೆಸಿದ ತಳಿಯಿದು. ಅರಬ್ಬಿಯ ಚೆಲುವು ಇದಕ್ಕಿಲ್ಲ. ಅರಬ್ಬಿಯ ಮುಖ ಒಳಬಾಗಿದ್ದರೆ ಇದರದು ನೇರ ಅಥವಾ ತುಸು ಹೊರಬಾಗಿದ್ದು. ಹಿಂಭಾಗ ಇಳಿಜಾರು, ಬಾಲ ಕೆಳಗೆ. ಎತ್ತರ ಹೆಚ್ಚೆಂದರೆ ಐದು ಅಡಿಯ ಆಸುಪಾಸು. ಆದರೆ ಗೊರಸು ಗಟ್ಟಿ, ಬೆನ್ನು ಗಿಡ್ಡ. ಅಲ್ಪ ಮೇವಿನಲ್ಲಿ ಕಲ್ಲುಬೆಟ್ಟ, ಮರುಭೂಮಿಗಳನ್ನು ದಾಟಬಲ್ಲದು; ನಿಂತಲ್ಲಿಂದಲೇ ಚಿಮ್ಮಿ ಓಡಿ, ಥಟ್ಟನೆ ತಿರುಗಬಲ್ಲದು. ರಣರಂಗದಲ್ಲಿ ಬೇಕಾದದ್ದು ಇದೇ ತಾನೆ?

711ರಲ್ಲಿ ತಾರಿಕ್ ಬಿನ್ ಝಿಯಾದ್ ಸ್ಪೇನಿಗೆ ದಾಟಿದಾಗ ಅವರ ಸೈನಿಕರಲ್ಲಿ ಬಹುಪಾಲು ಬರ್ಬರರೇ ಇದ್ದರು. ಮುಂದಿನ ಶತಮಾನಗಳಲ್ಲಿ ಬರ್ಬರ ರಾವುತರೊಂದಿಗೆ ಅವರ ಕುದುರೆಯೂ ಅಂದಲೂಸಿನಲ್ಲಿ ನೆಲೆಸಿತು. ಗಿಡ್ಡ ರಿಕಾಪಿನಲ್ಲಿ ಕಾಲಿಟ್ಟು, ಮಂಡಿ ಮಡಚಿ ಸವಾರಿ ಮಾಡುವ ಅವರ ಕ್ರಮವನ್ನು ಸ್ಪೇನಿನವರು ಕಲಿತರು. ಸ್ಪ್ಯಾನಿಷ್ ಭಾಷೆಯಲ್ಲಿ ಸವಾರನಿಗಿರುವ 'ಹಿನೇತೆ' ಎಂಬ ಪದ ಹುಟ್ಟಿದ್ದೇ ಝನಾತ ಎಂಬ ಬರ್ಬರ ಕುಲದ ಹೆಸರಿನಿಂದ. ಸೋತವರು ಗೆದ್ದವರಿಂದ ಕಲಿತದ್ದು ಭಾಷೆಯಲ್ಲಿ ಉಳಿದುಬಿಟ್ಟಿತು!

ಇಂಗ್ಲೆಂಡಿನ ಥರೋಬ್ರೆಡ್ ಪಂದ್ಯದ ಕುದುರೆಯ ಮೂಲದಲ್ಲಿಯೂ ಬಾರ್ಬ್ ರಕ್ತವಿದೆ. ಆ ತಳಿಯ ಮೂಲಪುರುಷರೆನಿಸಿದ ಮೂರು ಗಂಡುಕುದುರೆಗಳಲ್ಲಿ ಒಂದನ್ನು ಕೆಲವರು ಗೊಡೋಲ್ಫಿನ್ ಬಾರ್ಬ್ ಎಂದೇ ಕರೆದರು. ಪ್ರಸಿದ್ಧವಾದದ್ದು ಮಾತ್ರ ಗೊಡೋಲ್ಫಿನ್ ಅರೇಬಿಯನ್ ಎಂಬ ಹೆಸರು. ಅರಬರ ಹೆಸರಿನ ಹಿರಿಮೆಯಲ್ಲಿ ಬರ್ಬರರ ದುಡಿಮೆ ಕರಗಿಹೋಗುವುದು ಕುದುರೆಗಳ ವಿಷಯದಲ್ಲಿ ಮಾತ್ರವಲ್ಲ, ನಮ್ಮ ಇತಿಹಾಸ ಪಾಠಗಳಲ್ಲಿಯೂ ಉಂಟು.

ಅಲ್ ಆದಿಯಾತ್ ಅಧ್ಯಾಯವು, ಬಹುತೇಕ ವ್ಯಾಖ್ಯಾನಕಾರರ ಪ್ರಕಾರ, ಏದುಸಿರು ಬಿಡುತ್ತಾ ಓಡುವ ಕುದುರೆಗಳ ಆಣೆಯೊಂದಿಗೆ ಆರಂಭವಾಗುತ್ತದೆ. ಅಲ್ಲಿ ತಳಿಯ ಹೆಸರಿಲ್ಲ.

ಮೊರೊಕ್ಕೊದ ಹಬ್ಬಗಳಲ್ಲಿ ಇಂದಿಗೂ ಸವಾರರು ಸಾಲಾಗಿ ಕುದುರೆಗಳನ್ನು ಓಡಿಸಿ, ಏಕಕಾಲಕ್ಕೆ ಕೋವಿ ಹಾರಿಸುತ್ತಾರೆ. 'ತ್‌ಬೂರಿದಾ' ಎಂಬ ಈ ಕಲೆಯನ್ನು 2021ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿಯೋ, ನೆಲಮಂಗಲ ದಾಟಿ ಹಾಸನದ ರಸ್ತೆ ಹಿಡಿದರೆ ಕುಣಿಗಲ್ ಸಿಗುತ್ತದೆ. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕಿದ ನೆಲವೆಂದು ಹೆಸರಾದ ಅಲ್ಲಿನ ಫಾರಂನಲ್ಲಿ ಮುಂದೆ ಬೆಳೆದದ್ದು ಇದೇ ಥರೋಬ್ರೆಡ್ ಮರಿಗಳು.