ಬಳ್ಳಾರಿ ಸೀಮೆಯ ಅಕ್ಷರಾಭ್ಯಾಸ: 1823ರ ಒಂದು ವರದಿ

ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿಯನ್ನು ಕಲಿಸುವ ಕ್ರಮವು ಇಂಗ್ಲಿಷ್ ಶಾಲೆಗಳಲ್ಲಿ ‘ಫೋನಿಕ್ಸ್’ ಎಂಬ ಹೆಸರಿನಿಂದ ಪ್ರಚಾರದಲ್ಲಿದೆ. ಆ ಭಾಷೆಯಲ್ಲಿ ಅಕ್ಷರದ ಹೆಸರೇ ಬೇರೆ, ಉಚ್ಚಾರವೇ ಬೇರೆ. ಕನ್ನಡದಲ್ಲಿ ‘ಕ’ ಎಂಬುದೇ ಹೆಸರು, ಅದೇ ಧ್ವನಿ. ಇಷ್ಟರಿಂದಲೇ ಓದು ನಮಗೆ ಸುಲಭಸಾಧ್ಯವಾಗಿತ್ತೆಂದು ಹೆಮ್ಮೆಪಡುವವರು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ಲನು 1823ರ ಆಗಸ್ಟ್ 17ರಂದು ಬರೆದ ವರದಿಯನ್ನು ಒಮ್ಮೆ ಪರಿಶೀಲಿಸಬೇಕು.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆರಂಭಿಸಿದ ವಿಚಾರಣೆಗೆ ಉತ್ತರವಾಗಿ ಬಂದ ವರದಿಯಿದು. ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ವಿದ್ಯಾರ್ಥಿಗಳು 6,641. ಹುಡುಗಿಯರು ಕೇವಲ 60!

ಐದನೆಯ ವರ್ಷದಲ್ಲಿ ಮನೆಯಲ್ಲಿಯೇ ಗಣಪತಿಯ ಮುಂದೆ ಮಗುವನ್ನು ಕುಳ್ಳಿರಿಸಿ, ಉಪಾಧ್ಯಾಯನು ಅದರ ಬೆರಳನ್ನು ಹಿಡಿದು ಅಕ್ಕಿಯಲ್ಲಿ ಬರೆಯಿಸುತ್ತಿದ್ದನು. ಮರುದಿನದಿಂದ ಶಾಲೆ. ಯೂರೋಪಿನವರಂತೆ ವರ್ಣಮಾಲೆಯನ್ನು ಬಾಯಲ್ಲಿ ಒಪ್ಪಿಸುವುದರಿಂದಲ್ಲ, ಮರಳಿನ ಮೇಲೆ ಬೆರಳಿನಿಂದ ಬರೆಯುವುದರಿಂದ ಇಲ್ಲಿ ಕಲಿಕೆ ಆರಂಭವಾಗುತ್ತದೆಂದು ಕ್ಯಾಂಬೆಲ್ ವಿಶೇಷವಾಗಿ ಗುರುತಿಸುತ್ತಾನೆ. ಬೆರಳು ಪಳಗಿದ ಮೇಲೆ ಹಲಗೆ ಇಲ್ಲವೆ ಕಡತ, ಕೈಗೊಂದು ಬಳಪ. ಬಟ್ಟೆಗೆ ಅಕ್ಕಿಯ ಗಂಜಿ ಹಾಕಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದರೆ ಕಡತವಾಯಿತು. ಒದ್ದೆಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದು. (ಇಂದಿನ ಕಚೇರಿಗಳ ಕಡತವನ್ನು ಒರಸುವುದು ಅಷ್ಟು ಸುಲಭವಲ್ಲ.) ಅನಂತರ ವ್ಯಂಜನಕ್ಕೆ ಸ್ವರಚಿಹ್ನೆಗಳನ್ನು ಕೂಡಿಸುವ ಗುಣಿತ, ಅದಾದ ಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು.

ಮುಂದುವರಿದ ಹುಡುಗರು ಕಿರಿಯರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಬೆಲ್ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಉಚಿತವೇ ಎನ್ನುತ್ತಾನೆ. ಮದರಾಸಿನ ಅನಾಥಾಲಯದಲ್ಲಿ ಮರಳ ಬರವಣಿಗೆಯನ್ನೂ ಈ ಕ್ರಮವನ್ನೂ ಪ್ರಯೋಗಿಸಿದ ಆಂಡ್ರೂ ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದ್ದನು.

ಆದರೆ ಮೆಚ್ಚುಗೆ ಇಲ್ಲಿಗೇ ನಿಲ್ಲುತ್ತದೆ. ಹೆಸರುಗಳಿಂದ ಪದ್ಯಗ್ರಂಥಕ್ಕೆ ದಾಟಿದ ಹುಡುಗನು ಓದುತ್ತಿದ್ದುದು ಆಡುನುಡಿಯಿಂದ ದೂರವಾದ ಕಾವ್ಯಭಾಷೆ. ನೂರಾರು ಪದ್ಯಗಳು ಕಂಠಸ್ಥ. ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ. ಉಪಾಧ್ಯಾಯನಿಗೂ ಅನೇಕ ವೇಳೆ ಅದು ತಿಳಿದಿರಲಿಲ್ಲ. ವಿದೇಶೀಯ ಅಧಿಕಾರಿಯ ಆಕ್ಷೇಪಣೆಯೆಂದು ಇದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಗುಣಿತವು ಫಲಿಸಿದ್ದು ಊರಿನ ಹೆಸರಿನವರೆಗೆ. ಏಕೆಂದರೆ ಆ ಹೆಸರು ಮಗುವಿನ ಕಿವಿಯಲ್ಲಿ ಮೊದಲೇ ಇತ್ತು. ಧ್ವನಿಗೂಡಿಸಿ ಓದಿದೊಡನೆ ಗುರುತು ಹತ್ತುತ್ತಿತ್ತು. ಕಾವ್ಯದ ಪದಕ್ಕೆ ಆ ಗುರುತು ಇರಲಿಲ್ಲ.

ಮುಂಬಯಿ, ಪುಣೆಗಳಲ್ಲಿ ನೆಲಸಿರುವ ನಮಗೆ ಈ ಮಾತು ಹೆಚ್ಚು ಹತ್ತಿರದ್ದು. ಶಾಲೆಯಲ್ಲಿ ದೇವನಾಗರಿಯನ್ನು ಕಲಿತ ನಮ್ಮ ಮಕ್ಕಳಿಗೆ ಗುಣಿತದ ಕ್ರಮ ಹೊಸದಲ್ಲ. ಕೆಲವೇ ವಾರಗಳಲ್ಲಿ ಒತ್ತಕ್ಷರವನ್ನೂ ಎಡವದೆ ಓದುತ್ತಾರೆ. ‘ಕಣಜ’ ಎಂದು ಸ್ಪಷ್ಟವಾಗಿ ಓದಿ, ಅದೇನೆಂದು ಕೇಳಿದರೆ ತಾಯಿಯ ಮುಖವನ್ನು ನೋಡುತ್ತಾರೆ.