ಹೆಸರಿನ ಅನುಮೋದನೆ: ಊರಿನಿಂದ ಅಂತರಜಾಲದವರೆಗೆ

ಸ್ಥಳನಾಮಗಳು ಜನಸಮುದಾಯದ ಸ್ಮೃತಿಕೋಶಗಳು. ಪೂರ್ವ ಬೆಂಗಳೂರಿನ ಜೀವನ್ ಬಿಮಾ ನಗರದ ಆಸುಪಾಸಿನ ಕೋಡಿಹಳ್ಳಿ, ತಿಪ್ಪಸಂದ್ರ ಎಂಬ ಹೆಸರುಗಳಲ್ಲಿ ಕೆರೆಯ ಕೋಡಿಯೂ ಕೆರೆಯನ್ನೇ ಸೂಚಿಸುವ ‘ಸಮುದ್ರ’ವೂ ಉಳಿದುಬಂದಿವೆ. ಇವುಗಳಿಗೆ ಬಳಕೆಯೇ ಅನುಮೋದನೆ. ಜೀವನ್ ಬಿಮಾ ನಗರದ ಹೆಸರಾದರೋ ಜೀವವಿಮಾ ನಿಗಮದ ವಸತಿ ಬಡಾವಣೆಯಿಂದ ಬಂದುದು. ವಿಮೆಯನ್ನು ಸೂಚಿಸುವ ಹಿಂದಿಯ ‘ಬಿಮಾ’ ಪದವು ಎಷ್ಟೋ ಫಲಕಗಳಲ್ಲಿ ‘ಭೀಮಾ’ ಆಗಿರುವುದು ಜನಪದ ನಿರುಕ್ತಿಗೆ ಉತ್ತಮ ನಿದರ್ಶನ. ಮೇಲಿನಿಂದ ಬಂದ ಹೆಸರನ್ನೂ ಜನರು ತಮಗೆ ಪರಿಚಿತವಾದ ಅರ್ಥಕ್ಕೆ ಒಗ್ಗಿಸಿಕೊಳ್ಳುತ್ತಾರೆ. ಅಂತರಜಾಲದಲ್ಲಿ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಒಂದಕ್ಷರ ಬದಲಾದರೆ ವಿಳಾಸವೇ ಬೇರೆ.

ವಿಳಾಸದ ಕೊನೆಯ ಬಿಂದುವಿನ ನಂತರದ ಹೆಸರನ್ನು ಉನ್ನತ ಸ್ತರದ ಡೊಮೈನ್ ಎನ್ನುತ್ತಾರೆ. ಯಾವುದು ದೇಶ, ಯಾವುದಲ್ಲ ಎಂದು ತೀರ್ಮಾನಿಸುವುದು ಹೆಸರು ನೀಡುವವರ ಕೆಲಸವಲ್ಲವೆಂದು 1994ರಲ್ಲಿ ಜಾನ್ ಪೋಸ್ಟೆಲ್ ಸ್ಪಷ್ಟಪಡಿಸಿದರು. ಅಂತರರಾಷ್ಟ್ರೀಯ ಪಟ್ಟಿಯ ಎರಡಕ್ಷರದ ಸಂಕೇತಗಳೇ ಆಧಾರವಾದವು. ಭಾರತಕ್ಕೆ 1989ರಲ್ಲೇ ‘.ಇನ್’ ದೊರೆತಿತ್ತು. 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಸಂಸ್ಥೆಯು ರೋಮನ್ನೇತರ ಲಿಪಿಗಳ ದೇಶನಾಮಗಳಿಗೆ ಬಾಗಿಲು ತೆರೆದದ್ದು 2009ರಲ್ಲಿ. ಹೆಸರು ದೇಶವನ್ನು ಅರ್ಥಪೂರ್ಣವಾಗಿ ಸೂಚಿಸಬೇಕು, ಅಧಿಕೃತ ಭಾಷೆಯಲ್ಲಿರಬೇಕು, ಬೇರೊಂದು ಹೆಸರೆಂಬ ಭ್ರಮೆ ಹುಟ್ಟಿಸಬಾರದು, ಸರ್ಕಾರದ ಬೆಂಬಲ ಪಡೆದಿರಬೇಕು ಎಂಬುವು ಅದರ ಮುಖ್ಯ ತತ್ತ್ವಗಳು.

2011ರಲ್ಲಿ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ತಮಿಳು, ತೆಲುಗು, ಉರ್ದು ಭಾಷೆಗಳಲ್ಲಿ ಭಾರತದ ಹೆಸರಿಗೆ ಈ ಮನ್ನಣೆ ದೊರೆಯಿತು. ಆ ಮೊದಲ ಏಳರಲ್ಲಿ ಕನ್ನಡವಿರಲಿಲ್ಲ, ‘.ಭಾರತ’ ಬಂದದ್ದು ಮುಂದಿನ ಹಂತದಲ್ಲಿ. ತೆಲುಗಿನ ರೂಪ ವ್ಯಂಜನಾಂತವಾದ ‘ಭಾರತ್’; ಕನ್ನಡವು ತನ್ನ ಜಾಯಮಾನಕ್ಕೆ ಒಪ್ಪುವ ಸ್ವರಾಂತ ರೂಪವನ್ನೇ ಉಳಿಸಿಕೊಂಡಿತು.

ಸಾದೃಶ್ಯದ ತತ್ತ್ವವು ಕನ್ನಡಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು; ಗ, ರ, ಲ ಮುಂತಾದ ಅಕ್ಷರಗಳು ಇಂದಿಗೂ ಬಹುಮಟ್ಟಿಗೆ ಒಂದೇ ತೆರನಾಗಿವೆ. ಶಾಸನತಜ್ಞರ ಚರ್ಚೆಯಾಗಿದ್ದ ಈ ನೆಂಟಸ್ತಿಕೆ ಈಗ ಭದ್ರತೆಯ ಪ್ರಶ್ನೆಯಾಗಿದೆ. ಬ್ರಾಹ್ಮೀಮೂಲದ ಲಿಪಿಗಳ ತಜ್ಞಮಂಡಲಿ ರೂಪಿಸಿದ ಕನ್ನಡದ ನಿಯಮಗಳು 2019ರಲ್ಲಿ ಜಾಗತಿಕ ನಿಯಮಾವಳಿಗೆ ಸೇರಿದವು.

ಸಮ್ಮತಿಯ ತತ್ತ್ವ ಮಾತ್ರ ಅಪೂರ್ಣವಾಗಿದೆ. 2012ರ ಸುತ್ತಿನಲ್ಲಿ ಬಂದ ಅರ್ಜಿಗಳು 1,930. ಪ್ರತಿಯೊಂದರ ಶುಲ್ಕ 1,85,000 ಡಾಲರ್. ದೇಶದ ರಾಜಧಾನಿಗಳ ಹಾಗೂ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ರಾಜ್ಯಗಳ ಹೆಸರಿಗೆ ಸಂಬಂಧಪಟ್ಟ ಸರ್ಕಾರದ ಒಪ್ಪಿಗೆ ಬೇಕಿತ್ತು. ಅಮೆಜಾನ್ ನದಿಯ ಹೆಸರು ಅಂತಹ ಪಟ್ಟಿಯಲ್ಲಿರಲಿಲ್ಲ. ಬ್ರೆಜಿಲ್, ಪೆರು ಆಕ್ಷೇಪಿಸಿದರೂ ದೀರ್ಘ ವಿವಾದದ ಬಳಿಕ ಅದು ವ್ಯಾಪಾರ ಸಂಸ್ಥೆಯ ಪಾಲಾಯಿತು. ಕೋಡಿಹಳ್ಳಿ, ತಿಪ್ಪಸಂದ್ರಗಳಂತಹ ಹೆಸರುಗಳಿಗೂ ಆ ಪಟ್ಟಿಗಳಲ್ಲಿ ಸ್ಥಾನವಿಲ್ಲ. ಪಟ್ಟಿಯಲ್ಲಿರುವುದಷ್ಟೇ ರಕ್ಷಣೆಗೆ ಅರ್ಹವಾದಲ್ಲಿ, ಬಳಕೆಯಿಂದ ಬಾಳಿದ ಹೆಸರುಗಳು ಕೊಳ್ಳುವವರ ಸ್ವತ್ತಾಗುತ್ತವೆ. ಆದುದರಿಂದ ಗ್ರಾಮನಾಮಗಳನ್ನು ಅವುಗಳ ಜನಬಳಕೆಯ ರೂಪಾಂತರಗಳೊಡನೆ ದಾಖಲಿಸುವ ಕಾರ್ಯವು ಜಾನಪದ ಅಧ್ಯಯನದ ಆಸಕ್ತಿಯಷ್ಟೇ ಅಲ್ಲ, ಒಡೆತನದ ಸಾಕ್ಷ್ಯವೂ ಹೌದು.